ಅಜ್ಜಿಯೂ ಬರುವಂಥ ಸಫಾರಿ

ಆಫ್ರಿಕದ ಕಾಡು ನೋಡುವ ಆಸೆ ಮಕ್ಕಳಿಗೆ ಮಾತ್ರ ಇರುತ್ತದೆ ಎಂದುಕೊಳ್ಳಬೇಡಿ. ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ನೋಟು ಎಣಿಸಿದ ನನ್ನಂಥವನಿಗೂ ಇತ್ತು. ನಿವೃತ್ತಿಯಾಗಿ ಹದಿಮೂರು ವರ್ಷವಾದ ಮೇಲೆ, ಎಪ್ಪತ್ತಮೂರರ ವಯಸ್ಸಿನಲ್ಲಿ, ಆ ಆಸೆ ನೆರವೇರಿತು. ಜೊತೆಗೆ ಬಂದವರು ಅರವತ್ತೆಂಟು ವರ್ಷದ ನನ್ನ ಹೆಂಡತಿ, ಮಗ ಮತ್ತು ಐದನೇ ತರಗತಿ ಮುಗಿಸಿದ್ದ ಮೊಮ್ಮಗಳು. ಸೊಸೆಗೆ ರಜೆ ಸಿಗಲಿಲ್ಲ.

ಕಾಡಿನೊಳಗೆ ಇದ್ದದ್ದು ನಾಲ್ಕೇ ರಾತ್ರಿ. ಅದಕ್ಕೆ ಮಾಡಿದ ತಯಾರಿ ಮಾತ್ರ ಹತ್ತು ತಿಂಗಳಿನದು. ಆ ತಯಾರಿಯ ಕಥೆಯನ್ನೇ ಇಲ್ಲಿ ಹೇಳುತ್ತೇನೆ. ಏಕೆಂದರೆ ಹುಡುಗರು ಕೇಳುವುದು "ಸಿಂಹ ಸಿಕ್ಕಿತಾ?" ಎಂದು; ನನ್ನ ವಯಸ್ಸಿನವರು ಕೇಳುವುದು "ನಮ್ಮ ಕೈಲಿ ಆಗುತ್ತಾ?" ಎಂದು. ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹುಡುಕಿದವರಿಗೆ ಒಂದನೆಯದಕ್ಕೂ ಉತ್ತರ ಸಿಗುತ್ತದೆ ಎನ್ನುವುದು ನನ್ನ ಅನುಭವ.

ಸವನ್ನಾ ಅಂದರೇನು?

ನಮ್ಮ ಮೈಸೂರಿನವರಿಗೆ ಕಾಡು ಎಂದರೆ ಬಂಡೀಪುರ, ನಾಗರಹೊಳೆ. ಮರ ದಟ್ಟವಾಗಿರುತ್ತದೆ, ಪೊದೆಯ ಹಿಂದೆ ಹುಲಿ ಇದ್ದರೂ ಕಾಣುವುದಿಲ್ಲ. ಸವನ್ನಾ ಹಾಗಲ್ಲ. ಕಣ್ಣು ಹರಿಯುವಷ್ಟು ದೂರ ಹುಲ್ಲು, ನಡುನಡುವೆ ಬಿಡಿಬಿಡಿಯಾಗಿ ಮುಳ್ಳಿನ ಮರಗಳು. ವರ್ಷದಲ್ಲಿ ಕೆಲವು ತಿಂಗಳು ಮಳೆ, ಉಳಿದ ತಿಂಗಳು ಒಣಹವೆ. ಒಣಗಿದ ಹುಲ್ಲಿಗೆ ಆಗಾಗ ಬೆಂಕಿ ಬೀಳುತ್ತದೆ, ಆನೆಗಳು ಮರಗಳನ್ನು ಮುರಿಯುತ್ತವೆ. ಹೀಗಾಗಿ ಮರಗಳು ಒತ್ತಾಗಿ ಬೆಳೆಯದೆ ಹುಲ್ಲಿಗೆ ಬಿಸಿಲು ಸಿಗುತ್ತದೆ. ಹುಲ್ಲಿದ್ದಲ್ಲಿ ಹುಲ್ಲು ತಿನ್ನುವ ಪ್ರಾಣಿ, ಅದಿದ್ದಲ್ಲಿ ಅದನ್ನು ತಿನ್ನುವ ಪ್ರಾಣಿ.

ಮಕ್ಕಳೇ, ಹೊರಡುವ ಮೊದಲು ಎರಡು ಸಂಗತಿ ತಿಳಿದಿರಲಿ. ಆಫ್ರಿಕದ ಕಾಡಿನಲ್ಲಿ ಹುಲಿ ಇಲ್ಲ. ನಮ್ಮ ಚುಕ್ಕೆ ಜಿಂಕೆಯ ಹಾಗೆ ಕೊಂಬು ಉದುರಿಸಿ ಮತ್ತೆ ಬೆಳೆಸಿಕೊಳ್ಳುವ ಜಿಂಕೆಯೂ ಸಹಾರಾ ಮರುಭೂಮಿಯ ಕೆಳಗಿನ ಆಫ್ರಿಕದಲ್ಲಿ ಇಲ್ಲ. ಅಲ್ಲಿ ಜಿಂಕೆಯಂತೆ ಕಾಣುವುದೆಲ್ಲ ನಮ್ಮ ಕೃಷ್ಣಮೃಗದ ಬಳಗ. ಅವುಗಳ ಕೊಂಬು ಜೀವಮಾನವಿಡೀ ಒಂದೇ.

"ಸಫಾರಿ" ಎಂಬುದು ಸ್ವಾಹಿಲಿ ಭಾಷೆಯ ಮಾತು. ಅರ್ಥ, ಪ್ರಯಾಣ. ಅದು ಅರಬ್ಬಿಯಿಂದ ಬಂದದ್ದು. ಅದೇ ಭಾಷೆಯಲ್ಲಿ ಸಿಂಹಕ್ಕೆ "ಸಿಂಬಾ" ಎನ್ನುತ್ತಾರೆ. ಇದನ್ನು ಕೇಳಿದ ದಿನ ಮೊಮ್ಮಗಳು ಮನೆಯಲ್ಲೆಲ್ಲ ಓಡಾಡಿಕೊಂಡು ಅದನ್ನೇ ಹೇಳುತ್ತಿದ್ದಳು.

ಮೊದಲ ಆಯ್ಕೆ ಮಸಾಯಿ ಮಾರಾ

ನಮ್ಮ ಮನಸ್ಸು ಮೊದಲು ಓಡಿದ್ದು ಕೀನ್ಯಾದ ಮಸಾಯಿ ಮಾರಾಕ್ಕೆ. ಎಲ್ಲರ ಬಾಯಲ್ಲೂ ಅದೇ ಹೆಸರು. ಪಕ್ಕದ ಟಾಂಜಾನಿಯಾದ ಸೆರೆಂಗೆಟಿಗೆ ಅದು ಅಂಟಿಕೊಂಡಿದೆ. ಎರಡರ ನಡುವೆ ಬೇಲಿ ಇಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು, ಅವುಗಳ ಜೊತೆ ಲಕ್ಷಗಟ್ಟಲೆ ಜೀಬ್ರಾಗಳು ಹೊಸ ಹುಲ್ಲನ್ನು ಹುಡುಕಿಕೊಂಡು ವರ್ಷವಿಡೀ ಸುತ್ತುತ್ತವೆ. ಸುಮಾರು ಜುಲೈನಿಂದ ಅಕ್ಟೋಬರ್‌ವರೆಗೆ ಅವು ಮಾರಾ ಕಡೆ ಇರುತ್ತವೆ, ಮೊಸಳೆಗಳಿರುವ ಮಾರಾ ನದಿಯನ್ನು ದಾಟುತ್ತವೆ. ಟಿ.ವಿ.ಯಲ್ಲಿ ನೀವು ನೋಡಿರುವುದು ಅದನ್ನೇ.

ಆದರೆ ಕೀನ್ಯಾಕ್ಕೆ ಹೋಗಿ ಬರುವ ಭಾರತೀಯರ ಹತ್ತಿರ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ಇರಬೇಕು. ಇಲ್ಲವಾದರೆ ನಮ್ಮ ದೇಶಕ್ಕೆ ಮರಳಿದಾಗ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದಕ್ಕೆ ಕಾರಣವಿದೆ. ಹಳದಿ ಜ್ವರ ಭಾರತದಲ್ಲಿ ಇಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ, ಅಂದರೆ ಡೆಂಗಿ ತರುವ ಅದೇ ಸೊಳ್ಳೆ, ನಮ್ಮ ಮನೆಯ ಹಿತ್ತಲಿನಲ್ಲೇ ಇದೆ. ಒಬ್ಬ ರೋಗಿ ಬಂದರೆ ಸಾಕು, ಸೊಳ್ಳೆ ಉಳಿದ ಕೆಲಸ ಮಾಡಿಬಿಡುತ್ತದೆ. ಆದ್ದರಿಂದ ಈ ನಿಯಮ ಕಟ್ಟುನಿಟ್ಟು.

ಲಸಿಕೆಯನ್ನು ಸರಕಾರ ಗುರುತಿಸಿದ ಕೇಂದ್ರದಲ್ಲೇ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿಕೊಂಡರೆ ಪ್ರಮಾಣಪತ್ರ ಜೀವಮಾನಕ್ಕೆ ಸಾಕು. ಮಕ್ಕಳಿಗೂ ಆರೋಗ್ಯವಂತ ಯುವಕರಿಗೂ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಇದು ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆ. ಅರವತ್ತು ದಾಟಿ ಮೊದಲ ಸಲ ಹಾಕಿಸಿಕೊಳ್ಳುವವರಲ್ಲಿ ತೀವ್ರ ಅಡ್ಡ ಪರಿಣಾಮಗಳು ಅಪರೂಪವಾದರೂ ಉಳಿದವರಿಗಿಂತ ಹೆಚ್ಚು. ಹಾಗಾಗಿ ವೈದ್ಯರು ತೂಗಿ ನೋಡಿ ಹೇಳಬೇಕು.

ನಾವಿಬ್ಬರೂ ವೈದ್ಯರ ಬಳಿ ಹೋದೆವು. ನನ್ನನ್ನು ಪರೀಕ್ಷಿಸಿ "ನೀವು ಯೋಚನೆ ಮಾಡಬಹುದು" ಎಂದರು. ಇವಳ ಫೈಲು ತೆರೆದು ತಲೆ ಅಲ್ಲಾಡಿಸಿದರು. ಇವಳಿಗೆ ಹನ್ನೊಂದು ವರ್ಷದಿಂದ ಸಂಧಿವಾತ. ಅದಕ್ಕೆ ತೆಗೆದುಕೊಳ್ಳುವ ಮಾತ್ರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥದ್ದು. ಅಂಥವರಿಗೆ ಈ ಲಸಿಕೆ ಕೊಡುವ ಹಾಗಿಲ್ಲ. ಪ್ರವಾಸಕ್ಕೋಸ್ಕರ ಮಾತ್ರೆ ನಿಲ್ಲಿಸುವ ಮಾತು ಬೇಡವೇ ಬೇಡ ಎಂದರು.

ಮನೆಗೆ ಬಂದು ಕಾಫಿ ಮಾಡಿಕೊಟ್ಟು ಇವಳು ಹೇಳಿದ್ದು ಇಷ್ಟೇ: "ಇಷ್ಟು ವರ್ಷ ಸಿಂಹ ನೋಡ್ದೇ ಇದ್ನಲ್ಲ, ಇನ್ನೂ ಹಾಗೇ ಇರ್ತೀನಿ. ನೀವು ಮೂರು ಜನ ಹೋಗ್ಬನ್ನಿ. ಮನೆ ಬೀಗ ಹಾಕೋದೂ ತಪ್ಪುತ್ತೆ."

ನಮ್ಮ ಮನೆಯಲ್ಲಿ ಯಾರಾದರೂ ಉಳಿಯಬೇಕಾದಾಗ ಉಳಿದವಳು ಯಾವಾಗಲೂ ಇವಳೇ. ನನ್ನ ಬ್ಯಾಂಕಿನವರ ಪ್ರವಾಸ ಇರಲಿ, ಮಗನ ಕಾಲೇಜಿನ ದಿನಗಳಿರಲಿ, ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತವಳು. ಮೊಮ್ಮಗಳನ್ನು ವರ್ಷಕ್ಕೆ ನಾಲ್ಕು ಸಲ ಮೈಸೂರು ಮೃಗಾಲಯಕ್ಕೆ ಕರೆದುಕೊಂಡು ಹೋಗಿ ಜಿರಾಫೆ ತೋರಿಸಿದವಳೂ ಇವಳೇ. ಅವಳನ್ನು ಬಿಟ್ಟು ಜಿರಾಫೆ ನೋಡಲು ಆಫ್ರಿಕಕ್ಕೆ ಹೋಗುವುದೇ? ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮಾರನೆಯ ದಿನ ಮೊಮ್ಮಗಳು ತನ್ನ ಶಾಲೆಯ ಭೂಪಟ ಹರಡಿಕೊಂಡು ಕೂತಳು. ಹಳದಿ ಜ್ವರ ಇರುವ ದೇಶಗಳ ಹೆಸರನ್ನು ಅವರಪ್ಪನಿಂದ ಓದಿಸಿ, ಒಂದೊಂದಕ್ಕೂ ಹಳದಿ ಕ್ರೇಯಾನ್ ಬಳಿದಳು. ಬಳಿದು ಮುಗಿದ ಮೇಲೆ ಆಫ್ರಿಕದ ನಡುಭಾಗವೆಲ್ಲ ಹಳದಿ, ಕೆಳಗಿನ ತುದಿ ಬಿಳಿ. "ತಾತ, ಹಳದಿ ಇಲ್ದಿರೋ ಕಡೆ ಸಿಂಹ ಇಲ್ವಾ?" ಎಂದು ಕೇಳಿದಳು.

ಇದೆ ಮಗು, ಬೇಕಾದಷ್ಟಿದೆ. ದಕ್ಷಿಣ ಆಫ್ರಿಕ, ನಮೀಬಿಯಾ, ಬೋಟ್ಸ್ವಾನಾ. 2022ರಲ್ಲಿ ಮಧ್ಯಪ್ರದೇಶದ ಕುನೋಗೆ ಚೀತಾಗಳು ಬಂದದ್ದು ನಮೀಬಿಯಾದಿಂದ, ಮರುವರ್ಷ ಬಂದದ್ದು ದಕ್ಷಿಣ ಆಫ್ರಿಕದಿಂದ. ಹೀಗೆ ನಮ್ಮ ಬೆರಳು ಮಾರಾದಿಂದ ಜಾರಿ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಮೇಲೆ ನಿಂತಿತು. ವಿಮಾನ ಬದಲಿಸುವ ಊರೂ ಹಳದಿ ಬಣ್ಣದ ದೇಶದಲ್ಲಿ ಇರಬಾರದೆಂದು ಕೊಲ್ಲಿ ದೇಶದ ಮೂಲಕ ಜೊಹಾನ್ಸ್‌ಬರ್ಗ್‌ಗೆ ಹೋಗುವ ವಿಮಾನವನ್ನೇ ಆರಿಸಿದೆವು.

ಕರ್ನಾಟಕದ ಹತ್ತನೇ ಒಂದು ಪಾಲು

ಕ್ರೂಗರ್ ಎಷ್ಟು ದೊಡ್ಡದು? ಹೆಚ್ಚುಕಡಿಮೆ 19,500 ಚದರ ಕಿಲೋಮೀಟರ್. ಇಡೀ ಕರ್ನಾಟಕದ ಹತ್ತನೇ ಒಂದು ಪಾಲು! ನಮ್ಮ ಬಂಡೀಪುರದಂಥ ಇಪ್ಪತ್ತು ಕಾಡುಗಳನ್ನು ಅದರೊಳಗೆ ಇಡಬಹುದು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿ.ಮೀ., ಅಂದರೆ ಬೆಂಗಳೂರಿನಿಂದ ಮಂಗಳೂರಿಗೆ ಹೋದಷ್ಟು. ಮಕರ ಸಂಕ್ರಾಂತಿ ವೃತ್ತ ಈ ಕಾಡಿನ ಮೂಲಕವೇ ಹಾದುಹೋಗುತ್ತದೆ.

1898ರಲ್ಲಿ ಇದರ ದಕ್ಷಿಣದ ಒಂದು ಭಾಗವನ್ನು ಬೇಟೆ ನಿಷೇಧಿಸಿದ ಸಾಬಿ ಮೀಸಲು ಪ್ರದೇಶವೆಂದು ಸಾರಲಾಯಿತು. 1926ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಪ್ರವಾಸಿಗರ ಕಾರು ಒಳಗೆ ಬಂದವು, ಆ ವರ್ಷವಿಡೀ ಮೂರೇ ಕಾರು. ಈಗ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಸುಮಾರು 147 ಬಗೆಯ ಸಸ್ತನಿಗಳು, 500 ಬಗೆಯ ಹಕ್ಕಿಗಳು ಇಲ್ಲಿವೆ.

ವಯಸ್ಸಾದವರಿಗೆ ಕ್ರೂಗರ್‌ನ ದೊಡ್ಡ ಅನುಕೂಲವೆಂದರೆ ಮುಖ್ಯ ರಸ್ತೆಗಳಿಗೆ ಡಾಂಬರು ಇದೆ. ಬೆನ್ನು ಮೂಳೆ ಅಲ್ಲಾಡುವುದಿಲ್ಲ. ಸ್ವಂತವಾಗಿ ಕಾರು ಓಡಿಸಿಕೊಂಡು ಹೋಗಬಹುದು, ನಮ್ಮಂತೆಯೇ ರಸ್ತೆಯ ಎಡಗಡೆ. ಬೇಲಿ ಹಾಕಿದ ಶಿಬಿರಗಳೊಳಗೆ ಅಡುಗೆಗೆ ಅನುಕೂಲವಿರುವ ಪುಟ್ಟ ಮನೆಗಳು ಬಾಡಿಗೆಗೆ ಸಿಗುತ್ತವೆ. ಅಂಗಡಿ, ಪೆಟ್ರೋಲ್ ಬಂಕು ಇವೆ. ಬೇಕಾದಾಗ ಹೊರಡಬಹುದು, ಸುಸ್ತಾದಾಗ ಮರಳಬಹುದು. ಸಂಧಿವಾತದವರಿಗೆ ಇದಕ್ಕಿಂತ ಇನ್ನೇನು ಬೇಕು?

ಯಾವಾಗ ಹೋಗುವುದು?

ನಮ್ಮಲ್ಲಿ ಬೇಸಗೆಯಾದಾಗ ಅಲ್ಲಿ ಚಳಿ ಶುರು. ಭೂಮಧ್ಯರೇಖೆಯ ಆಚೆಗೆ ಋತು ತಿರುವುಮುರುವು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣಹವೆ. ಹುಲ್ಲು ತಗ್ಗುತ್ತದೆ, ಮರದ ಎಲೆ ಉದುರುತ್ತದೆ, ನೀರು ಕಡಿಮೆಯಾಗಿ ಪ್ರಾಣಿಗಳೆಲ್ಲ ನದಿ, ಕೆರೆಗಳ ಬಳಿಗೆ ಬರುತ್ತವೆ. ಸೊಳ್ಳೆಯೂ ಕಡಿಮೆ. ಮಲೇರಿಯಾ ಇರುವ ಪ್ರದೇಶವಾದ್ದರಿಂದ ಚಳಿಗಾಲದಲ್ಲೂ ಮುನ್ನೆಚ್ಚರಿಕೆ ಬೇಕು. ಮಾತ್ರೆ ಬೇಕೋ ಬೇಡವೋ, ಬೇಕಾದರೆ ಯಾವುದು ಎಂಬುದನ್ನು ನಿಮ್ಮ ಉಳಿದ ಔಷಧಿಗಳ ಪಟ್ಟಿಯನ್ನು ವೈದ್ಯರ ಮುಂದಿಟ್ಟು ಕೇಳಬೇಕು.

ಜೂನ್ ಕೊನೆಯಿಂದ ಅಲ್ಲಿನ ಶಾಲೆಗಳಿಗೆ ರಜೆ, ಕಾಡಿನ ತುಂಬ ಕಾರು. ನಮ್ಮ ಶಾಲೆಗಳಿಗೆ ಏಪ್ರಿಲ್, ಮೇ ರಜೆ. ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿದಾಗ ಉಳಿದದ್ದು ಮೇ ತಿಂಗಳ ಮೂರನೆಯ ವಾರ. ಅಷ್ಟು ಹೊತ್ತಿಗೆ ಹುಲ್ಲು ಪೂರ್ತಿ ಒಣಗಿರುವುದಿಲ್ಲ, ಆದರೆ ಮಗುವಿನ ಶಾಲೆ ತಪ್ಪುವುದಿಲ್ಲ. ಅಷ್ಟಕ್ಕೆ ಒಪ್ಪಿದೆವು. ಮೂಲೆಯ ಮನೆ, ನದಿಯ ಕಡೆಯ ಮನೆ ಬೇಕೆಂದರೆ ಹತ್ತು ತಿಂಗಳು ಮೊದಲೇ ಕಾದಿರಿಸಬೇಕು. ನಾವು ಹಿಂದಿನ ಜುಲೈನಲ್ಲೇ ಮಾಡಿದೆವು.

ಗಂಟೆ, ಕಿಲೋಮೀಟರ್ ಮತ್ತು ಮಂಡಿ

ಮಗ ಮೊದಲು ಹಾಕಿದ ಯೋಜನೆಯಲ್ಲಿ ನಾಲ್ಕು ರಾತ್ರಿಗೆ ನಾಲ್ಕು ಶಿಬಿರ ಇತ್ತು. ದಕ್ಷಿಣದ ತುದಿಯಿಂದ ನಡುಭಾಗದ ಸತಾರಾವರೆಗೆ, ಅಲ್ಲಿಂದ ಇನ್ನೂ ಮೇಲಕ್ಕೆ. ಸತಾರಾ ಎಂದಾಗ ಮಹಾರಾಷ್ಟ್ರ ನೆನಪಾಗುತ್ತದಲ್ಲವೇ? ಅದು ಹಿಂದಿಯ "ಸತ್ರಹ್", ಅಂದರೆ ಹದಿನೇಳು ಎಂಬುದರಿಂದ ಬಂದದ್ದು ಎನ್ನುತ್ತಾರೆ. ಜಮೀನು ಅಳೆಯುವಾಗ ಹದಿನೇಳನೆಯ ತುಂಡಿಗೆ ಭಾರತೀಯ ಸಹಾಯಕನೊಬ್ಬ ಕೊಟ್ಟ ಹೆಸರಂತೆ.

ನಾನು ಪೆನ್ಸಿಲ್ ತೆಗೆದುಕೊಂಡೆ. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಮಣ್ಣಿನ ರಸ್ತೆಯಲ್ಲಿ 40 ಕಿ.ಮೀ. ವೇಗ ದಾಟುವಂತಿಲ್ಲ. ಜೊತೆಗೆ ಪ್ರಾಣಿ ಕಂಡಲ್ಲೆಲ್ಲ ನಿಲ್ಲಬೇಕು. ಹಾಗೆ ನೋಡಿದರೆ ಗಂಟೆಗೆ 20ರಿಂದ 25 ಕಿ.ಮೀ. ಸಾಗಿದರೆ ಹೆಚ್ಚು. ಸ್ಕುಕುಜಾದಿಂದ ಸತಾರಾಕ್ಕೆ 90 ಕಿ.ಮೀ.ಗೂ ಹೆಚ್ಚು, ಅಂದರೆ ನಾಲ್ಕು ಗಂಟೆ ಕಾರಿನಲ್ಲಿ. ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಶಿಬಿರದೊಳಗೆ ಇರಲೇಬೇಕು. ಮೇ ತಿಂಗಳಲ್ಲಿ ಬೆಳಗ್ಗೆ 6ಕ್ಕೆ ತೆರೆದು ಸಂಜೆ ಐದೂವರೆಗೆ ಮುಚ್ಚುತ್ತಾರೆ. ಇಳಿಯಲು ಅನುಮತಿ ಇರುವ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಶೌಚಾಲಯವೂ ಅಲ್ಲೇ. ಸಕ್ಕರೆ ಕಾಯಿಲೆಯ ಗೆಳೆಯರೇ, ಈ ಮಾತನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಳ್ಳಿ.

ಇದೆಲ್ಲ ಕೂಡಿಸಿದಾಗ ಎರಡೇ ಶಿಬಿರ ಉಳಿಯಿತು. ಎರಡು ರಾತ್ರಿ ಸ್ಕುಕುಜಾ, ಎರಡು ರಾತ್ರಿ ಲೋಯರ್ ಸಾಬಿ. ಎರಡೂ ಸಾಬಿ ನದಿಯ ದಂಡೆಯಲ್ಲೇ. ನಡುವೆ ಸುಮಾರು 45 ಕಿ.ಮೀ., ನದಿಯ ಪಕ್ಕದಲ್ಲೇ ಸಾಗುವ ರಸ್ತೆ. ಅರ್ಧ ದಾರಿಯಲ್ಲಿ ಇಳಿದು ಕುಳಿತುಕೊಳ್ಳಲು ಎನ್‌ಕುಹ್ಲು ಎಂಬ ಜಾಗವಿದೆ. ಮಗನಿಗೆ ಮೊದಲು ಸಪ್ಪೆ ಎನಿಸಿತು. "ಅಪ್ಪ, ಇಷ್ಟು ದೂರ ಹೋಗಿ ಇಷ್ಟೇನಾ?" ಎಂದ. "ನಿಮ್ಮಮ್ಮನ ಬೆರಳು ಬೆಳಗ್ಗೆ ಎಂಟು ಗಂಟೆಗೆ ಮುಂಚೆ ಮಡಚೋಕೆ ಬರುತ್ತೇನಪ್ಪ?" ಎಂದು ಕೇಳಿದೆ. ಆಮೇಲೆ ಅವನು ಮಾತಾಡಲಿಲ್ಲ.

ಇನ್ನೊಂದು ನಿರ್ಧಾರವೂ ಆಯಿತು. ಬೆಳಗಿನ ಜಾವದ ಸುತ್ತಾಟ ಅಪ್ಪ-ಮಗಳಿಗೆ, ನಾವಿಬ್ಬರೂ ಎದ್ದು ಕಾಫಿ ಕುಡಿದು ನದಿ ನೋಡುತ್ತ ಕೂರುವುದು, ತಿಂಡಿಯ ನಂತರ ಎಲ್ಲರೂ ಒಟ್ಟಿಗೆ. ಒಂದು ಸಂಜೆ ಮಾತ್ರ ಅರಣ್ಯ ಸಿಬ್ಬಂದಿ ನಡೆಸುವ ತೆರೆದ ವಾಹನದಲ್ಲಿ ಸವಾರಿ. ಅದಕ್ಕೆ 6 ವರ್ಷದೊಳಗಿನ ಮಕ್ಕಳನ್ನು ಸೇರಿಸುವುದಿಲ್ಲ. ಕಾಲ್ನಡಿಗೆಯ ಸಫಾರಿಗೆ 12 ತುಂಬಿರಬೇಕು. ಮೊಮ್ಮಗಳಿಗೆ ವಯಸ್ಸು ಸಾಲದು, ನಮಗೆ ಕಾಲು ಸಾಲದು.

ಕಾಗದ, ಕಾಸು, ಪೆಟ್ಟಿಗೆ

ವೀಸಾ ಮೊದಲೇ ಆಗಬೇಕು. ಹದಿನೆಂಟರ ಒಳಗಿನ ಮಕ್ಕಳ ವಿಷಯದಲ್ಲಿ ದಕ್ಷಿಣ ಆಫ್ರಿಕದವರು ಬಹಳ ಎಚ್ಚರ. ತಂದೆ-ತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ, ಜೊತೆಗೆ ಬಾರದ ಪೋಷಕರ ಒಪ್ಪಿಗೆ ಪತ್ರ ಕೇಳಬಹುದು. ಸೊಸೆ ಬರದ ಕಾರಣ ಅವಳ ಸಹಿಯ ಪತ್ರ ಮಾಡಿಸಿದೆವು. ಮೊಮ್ಮಕ್ಕಳನ್ನು ಕರೆದುಕೊಂಡು ಹೊರಡುವ ಅಜ್ಜ-ಅಜ್ಜಿಯರು ಇದನ್ನು ಮರೆಯಬಾರದು.

ಖರ್ಚಿಗೆ ಹಳೆಯ ಪದ್ಧತಿಯಂತೆ ಒಂದು ಲೆಡ್ಜರ್ ಪುಸ್ತಕ ಮಾಡಿದೆ. ವಿಮಾನ, ಕಾರು, ವಸತಿ, ಉದ್ಯಾನದ ಶುಲ್ಕ, ವಿಮೆ, ಊಟ, ಕೈಖರ್ಚು ಎಂದು ಏಳು ತಲೆಬರಹ. ನಮ್ಮ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ವಿಮಾನಕ್ಕೇ ಹೋಯಿತು. ಉದ್ಯಾನದ ಶುಲ್ಕ ತಲೆಗೆ, ದಿನಕ್ಕೆ ಇಷ್ಟೆಂದು ಇರುತ್ತದೆ. ಆ ದೇಶದವರಿಗಿಂತ ವಿದೇಶಿಯರಿಗೆ ಹಲವು ಪಟ್ಟು ಹೆಚ್ಚು, 12ರ ಕೆಳಗಿನ ಮಕ್ಕಳಿಗೆ ಅರ್ಧ. ಶಿಬಿರದ ಬಾಡಿಗೆಯ ಜೊತೆ ಇದನ್ನು ಸೇರಿಸಿಯೇ ಯೋಚಿಸಬೇಕು. ಪ್ರಯಾಣ ವಿಮೆ ಮಾಡಿಸುವಾಗ ಇರುವ ಕಾಯಿಲೆಗಳನ್ನೆಲ್ಲ ಬರೆದುಕೊಡಿ. ಮುಚ್ಚಿಟ್ಟರೆ ಬೇಕಾದ ದಿನ ಹಣ ಬರುವುದಿಲ್ಲ.

ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಂಡೆವು. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ; ಮಾತ್ರೆಯ ಹೊತ್ತು ಎಷ್ಟಕ್ಕೆ ಎಂದು ವೈದ್ಯರಿಂದಲೇ ಬರೆಸಿಕೊಂಡೆವು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಹೇಳಬಹುದು. ನಾಚಿಕೆ ಏಕೆ? ಬೆಳಗ್ಗೆ, ಸಂಜೆ ಚಳಿ ಇರುವುದರಿಂದ ಸ್ವೆಟರ್, ಟೋಪಿ. ಬಟ್ಟೆ ಮಣ್ಣಿನ ಬಣ್ಣದ್ದು. ಆಳಿಗೊಂದರಂತೆ ದುರ್ಬೀನು ಇದ್ದರೆ ಜಗಳ ಇಲ್ಲ. ಅಲ್ಲಿನ ಗೋಡೆಯ ಪ್ಲಗ್ಗು ನಮ್ಮ ಗೀಸರಿಗೆ ಹಾಕುವ ದೊಡ್ಡ ಮೂರು ಪಿನ್ನಿನದೇ.

ಊಟಕ್ಕೆ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ದೆವು. ಹಸಿ ಹಣ್ಣು, ತರಕಾರಿ, ಬೀಜ ಒಯ್ಯಲಿಲ್ಲ. ಅಕ್ಕಿ, ಬೇಳೆ, ಮೊಸರನ್ನು ದಾರಿಯಲ್ಲಿ ಎಂಬೊಂಬೆಲಾ ಊರಿನಲ್ಲಿ ಕೊಂಡೆವು.

ಕಾಡಿನ ನಾಲ್ಕು ದಿನ

ಜೊಹಾನ್ಸ್‌ಬರ್ಗ್‌ನಲ್ಲಿ ಒಂದು ರಾತ್ರಿ ವಿಶ್ರಾಂತಿ, ಮರುದಿನ ಐದಾರು ಗಂಟೆಯ ರಸ್ತೆ ಪ್ರಯಾಣ. ಪಾಲ್ ಕ್ರೂಗರ್ ಗೇಟಿನಿಂದ ಸ್ಕುಕುಜಾ 12 ಕಿ.ಮೀ. ಆ ಹನ್ನೆರಡು ಕಿ.ಮೀ.ಗೆ ನಮಗೆ ಒಂದೂವರೆ ಗಂಟೆ ಹಿಡಿಯಿತು. ಮೊದಲು ಇಂಪಾಲದ ಹಿಂಡು. ಆಮೇಲೆ ರಸ್ತೆಯಲ್ಲಿ ಅಡ್ಡ ನಿಂತ ಜಿರಾಫೆ. ಅದರ ಕತ್ತಿನಲ್ಲಿ ಇರುವುದೂ ನಮ್ಮ ಹಾಗೆ ಏಳೇ ಮೂಳೆ, ಒಂದೊಂದೂ ಉದ್ದ ಅಷ್ಟೆ. ಅಜ್ಜಿ ಕಿಟಕಿಯಿಂದ ತಲೆಯೆತ್ತಿ ನೋಡಿ, "ನಮ್ಮ ಝೂನಲ್ಲಿರೋದಕ್ಕಿಂತ ಇದು ನಿಧಾನ ಕಣೇ" ಎಂದಳು.

ಆಫ್ರಿಕದ ಆನೆಯನ್ನು ಗುರುತಿಸುವುದು ಸುಲಭ. ಕಿವಿ ಬಹಳ ದೊಡ್ಡದು. ಹೆಣ್ಣಾನೆಗೂ ಸಾಮಾನ್ಯವಾಗಿ ದಂತ ಇರುತ್ತದೆ. ಸೊಂಡಿಲ ತುದಿಯಲ್ಲಿ ಎರಡು ಬೆರಳಿನಂಥ ಚಾಚು, ನಮ್ಮ ಆನೆಗೆ ಒಂದೇ. ರಸ್ತೆಯಲ್ಲಿ ಆನೆ ಬಂದರೆ ಹಾರನ್ ಮಾಡಬಾರದು, ಹಿಂದಕ್ಕೆ ಸರಿದು ದಾರಿ ಬಿಡಬೇಕು. ಮಗ ಒಂದು ಸಲ ಕಾಲು ಕಿಲೋಮೀಟರ್ ರಿವರ್ಸ್ ಬಂದ.

ಎರಡನೆಯ ಬೆಳಗ್ಗೆ ಅಪ್ಪ-ಮಗಳು ಆರು ಗಂಟೆಗೆ ಹೊರಟು, ರಸ್ತೆಯ ಮೋರಿಯಲ್ಲಿ ಮನೆ ಮಾಡಿಕೊಂಡಿದ್ದ ಕತ್ತೆಕಿರುಬದ ಮರಿಗಳನ್ನು ನೋಡಿ ಬಂದರು. ಮರಿಗಳ ಮೂತಿ ಮುದ್ದಾಗಿತ್ತಂತೆ. ಮೂರನೆಯ ದಿನ ಸಿಂಹ ಸಿಕ್ಕಿತು. ಸಿಕ್ಕಿತು ಎಂದರೆ, ಹುಲ್ಲಿನ ನಡುವೆ ಎರಡು ಕಿವಿ, ಒಂದು ಬಾಲದ ತುದಿ. ಸಿಂಹ ದಿನಕ್ಕೆ ಇಪ್ಪತ್ತು ಗಂಟೆಯವರೆಗೂ ಮಲಗಿರುತ್ತದೆ. ನಲವತ್ತು ನಿಮಿಷ ಕಾದ ಮೇಲೆ ಅದು ಎದ್ದು, ಆಕಳಿಸಿ, ಮತ್ತೆ ಮಲಗಿತು. ನಮ್ಮ ಮುಂದೆ ನಿಂತ ಎಂಟು ಕಾರುಗಳು ಅಷ್ಟರಲ್ಲಿ ಹೊರಟುಹೋಗಿದ್ದವು. ಆಕಳಿಕೆ ನೋಡಿದವರು ನಾವು ಮಾತ್ರ.

ಲೋಯರ್ ಸಾಬಿಯ ಜಗಲಿ ನೇರ ನದಿಗೆ ತೆರೆದಿದೆ. ನಾಲ್ಕನೆಯ ಬೆಳಗ್ಗೆ ಅಪ್ಪ-ಮಗಳು ದೂರ ಹೋಗಿದ್ದರು. ನಾವಿಬ್ಬರೂ ಶಾಲು ಹೊದ್ದು ಕುಳಿತಿದ್ದೆವು. ಇವಳು ಬಿಸಿ ಲೋಟವನ್ನು ಬೆರಳುಗಳ ನಡುವೆ ಹಿಡಿದು ಕಾಯಿಸಿಕೊಳ್ಳುತ್ತಿದ್ದಳು. ನೀರಿನಲ್ಲಿ ಹಿಪ್ಪೊಗಳು ಗೊರಗುಟ್ಟುತ್ತಿದ್ದವು. ಆಚೆ ದಂಡೆಯ ಜೊಂಡು ಅಲ್ಲಾಡಿತು. ಒಂದು ಆನೆ, ಅದರ ಹಿಂದೆ ಇನ್ನೊಂದು. ಎಣಿಸುತ್ತ ಹೋದೆ, ಇಪ್ಪತ್ತಮೂರು. ನದಿಗೆ ಇಳಿದು ನಮ್ಮ ಕಡೆಗೇ ಬಂದವು. ಒಂದು ಪುಟ್ಟ ಮರಿ ನೀರಿಗಿಳಿಯಲು ಹೆದರಿ ದಂಡೆಯಲ್ಲೇ ನಿಂತುಬಿಟ್ಟಿತು. ನಡುನೀರಿನಲ್ಲಿದ್ದ ಮುದಿ ಹೆಣ್ಣಾನೆ ನಿಂತಿತು. ಅದು ನಿಂತದ್ದೇ ತಡ, ಉಳಿದವೂ ನಿಂತವು. ಅದು ಹಿಂದಕ್ಕೆ ಹೋಗಿ, ಮರಿಯ ಪಕ್ಕದಲ್ಲಿ, ನೀರು ಹರಿದುಬರುವ ಕಡೆ ತನ್ನ ಮೈಯನ್ನು ಅಡ್ಡವಿಟ್ಟು ನಡೆಸಿಕೊಂಡು ಬಂತು. ಆನೆಯ ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ. ಎಲ್ಲಿ ನೀರಿದೆ, ಎಲ್ಲಿ ದಾಟಬಹುದು ಎಂಬ ನೆನಪು ಅದರದು.

ಇವಳು ಏನೂ ಹೇಳಲಿಲ್ಲ. ಕಾಫಿ ಆರಿಹೋಯಿತು. ನಾನೂ ಏನೂ ಕೇಳಲಿಲ್ಲ.

ಪಟ್ಟಿ ಬರೆಯುವ ಕೆಲಸ ಮೊಮ್ಮಗಳು ಅಜ್ಜಿಗೂ ಹಚ್ಚಿದ್ದಳು. ಊರಿಗೆ ಹೊರಡುವ ದಿನ ಎರಡು ಪುಸ್ತಕ ತಾಳೆ ನೋಡಿದೆವು. ಕಾರಿನಲ್ಲಿ ಸುತ್ತಿದ ಮೊಮ್ಮಗಳದ್ದು 41 ಬಗೆ. ಹೆಚ್ಚು ಹೊತ್ತು ಕುರ್ಚಿಯಲ್ಲಿ ಕುಳಿತಿದ್ದ ಅಜ್ಜಿಯದು 38. ಅಜ್ಜಿಯ ಪಟ್ಟಿಯಲ್ಲಿ ಮೊದಲ ಹೆಸರು ಒಂದು ಹಕ್ಕಿಯದು: ನೇರಳೆ ಎದೆಯ ರೋಲರ್. ನಮ್ಮ ರಾಜ್ಯಪಕ್ಷಿ ನೀಲಕಂಠದ ಹತ್ತಿರದ ನೆಂಟ. ರೆಕ್ಕೆ ಬಿಚ್ಚಿದಾಗ ಅದೇ ನೀಲಿ. ಚಿರತೆ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಸಿಂಹ, ಚಿರತೆ, ಆನೆ, ಘೇಂಡಾಮೃಗ, ಆಫ್ರಿಕದ ಎಮ್ಮೆ, ಈ ಐದನ್ನು "ಬಿಗ್ ಫೈವ್" ಎಂದು ಕರೆಯುತ್ತಾರೆ. ಕಾಲ್ನಡಿಗೆಯಲ್ಲಿ ಬೇಟೆಯಾಡಲು ಅಪಾಯಕಾರಿ ಎಂದು ಬೇಟೆಗಾರರು ಇಟ್ಟ ಹೆಸರದು. ನಾವು ಬೇಟೆಗಾರರಲ್ಲ; ಐದಕ್ಕೆ ನಾಲ್ಕು ಬಂತು ಎಂದು ಅಂಕಪಟ್ಟಿಯಂತೆ ಕೊರಗುವ ಅಗತ್ಯವಿಲ್ಲ. ನಾವು ಕಂಡ ಘೇಂಡಾಮೃಗಕ್ಕೆ ಕೊಂಬೇ ಇರಲಿಲ್ಲ. ಕೊಂಬಿಗಾಗಿ ಕೊಲ್ಲುವ ಕಳ್ಳಬೇಟೆಗಾರರಿಂದ ಉಳಿಸಲು ಅರಣ್ಯದವರೇ ಮದ್ದು ಕೊಟ್ಟು ಮಲಗಿಸಿ ಕತ್ತರಿಸಿರುತ್ತಾರೆ. ಉಗುರಿನ ಹಾಗೆ ಅದು ಮತ್ತೆ ಬೆಳೆಯುತ್ತದೆ. ಘೇಂಡಾಮೃಗ ಎಲ್ಲಿ ಕಂಡಿತೆಂದು ಯಾರಿಗೂ ಹೇಳಬಾರದು, ಫೋಟೊ ಜೊತೆ ಜಾಗ ಹಾಕಬಾರದು. ಮೊಮ್ಮಗಳ ಪುಸ್ತಕದಲ್ಲಿ ಉಳಿದ ಪ್ರಾಣಿಗಳ ಮುಂದೆ ಜಾಗದ ಹೆಸರಿದೆ, ಅದರ ಮುಂದೆ ಒಂದು ಗೆರೆ ಮಾತ್ರ.

ಇನ್ನೊಂದು ಸಂಗತಿಯನ್ನೂ ಮಕ್ಕಳು ತಿಳಿದಿರಬೇಕು. ಕಾಡಿನಲ್ಲಿ ಜನರೂ ಇದ್ದರು. ಮೊದಲ ವಾರ್ಡನ್ ಸ್ಟೀವನ್‌ಸನ್-ಹ್ಯಾಮಿಲ್ಟನ್ ಅವರನ್ನು ಅಲ್ಲಿನ ತ್ಸೊಂಗಾ ಜನ "ಸ್ಕುಕುಜಾ" ಎಂದು ಕರೆದರು. ಗುಡಿಸಿ ಹಾಕಿದವನು ಎಂದು ಅರ್ಥ. ಊರುಗಳನ್ನು ಎತ್ತಂಗಡಿ ಮಾಡಿಸಿದ್ದಕ್ಕೆ ಬಂದ ಹೆಸರದು. ಉತ್ತರದ ತುದಿಯ ಮಕುಲೆಕೆ ಜನರನ್ನು 1969ರಲ್ಲಿ ಹೊರಹಾಕಿದ್ದರು. 1998ರಲ್ಲಿ ಅವರಿಗೆ ಭೂಮಿ ಮರಳಿ ಸಿಕ್ಕಿತು. ಆದರೂ ಅವರು ಅದನ್ನು ಕಾಡಾಗಿಯೇ ಉಳಿಸಿ, ಪ್ರವಾಸದಿಂದ ಬರುವ ಆದಾಯ ಪಡೆಯುತ್ತಿದ್ದಾರೆ. ನಾವು ಕೊಡುವ ಶುಲ್ಕದ ಹಿಂದೆ ಇಂಥ ಕಥೆಗಳೂ ಇವೆ.

ನೀವೂ ಹೊರಡುವುದಾದರೆ

ಕ್ರೂಗರ್ ಆಗಬೇಕೆಂದಿಲ್ಲ. ಮನೆಯಲ್ಲಿ ಎಲ್ಲರಿಗೂ ಲಸಿಕೆ ಆಗುವಂತಿದ್ದರೆ ಮಾರಾಕ್ಕೇ ಹೋಗಿ. ಅಷ್ಟು ದೂರ ಬೇಡವೆಂದರೆ ಗುಜರಾತಿನ ಗಿರ್‌ನಲ್ಲಿ ಸಿಂಹವಿದೆ. ಅದೂ ಬೇಡವೆಂದರೆ ಕಬಿನಿ ಹಿನ್ನೀರಿಗೆ ಬೇಸಗೆಯಲ್ಲಿ ಬರುವ ಆನೆಗಳ ಹಿಂಡು ಯಾವ ದೇಶಕ್ಕೂ ಕಡಿಮೆಯಲ್ಲ. ಎಲ್ಲಿಗೆ ಹೋದರೂ ಕ್ರಮ ಒಂದೇ.

ಇಂದೇ ಒಂದು ಹಾಳೆ ತೆಗೆದುಕೊಳ್ಳಿ. ಮೊದಲು ಮನೆಯ ಎಲ್ಲರ ಹೆಸರು ಬರೆಯಿರಿ. ಒಬ್ಬೊಬ್ಬರ ಮುಂದೆ ಅವರ ವಯಸ್ಸು, ನುಂಗುವ ಮಾತ್ರೆ, ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ಗಂಟೆಗೆ ಏಳಬಲ್ಲರು ಎಂದು ಬರೆಯಿರಿ. ಮಕ್ಕಳೇ, ಈ ಕೆಲಸ ನಿಮ್ಮದು. ಅಜ್ಜಿಯನ್ನು ಕೇಳಿಯೇ ಬರೆಯಬೇಕು, ಊಹೆ ಮಾಡಬಾರದು. ಎಲ್ಲರಿಗಿಂತ ನಿಧಾನ ಯಾರೋ ಅವರ ಹೆಸರಿಗೆ ಒಂದು ಸುತ್ತು ಹಾಕಿ. ದೇಶ, ತಿಂಗಳು, ದಿನ, ದಾರಿ ಎಲ್ಲವನ್ನೂ ಅವರಿಗೆ ಹೊಂದಿಸಿ.

ಪ್ರಾಣಿಗಳ ಪಟ್ಟಿ ಆಮೇಲೆ ಬರೆದರಾಯಿತು.